ಫುಲ್ವಿಯಾದ ಮೇಲೊಂದು ಗೀರು

ಎರ್ಮೆಸ್ ಒಂದು ಮಾತು ಹೇಳಿದನೆಂದರೆ ಇಟಲಿಯ ಗುವಾಸ್ತಾಲ್ಲಾ ಊರಿನಲ್ಲಿ ಅದನ್ನು ಯಾರೂ ಇನ್ನೊಬ್ಬರ ಹತ್ತಿರ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿರಲಿಲ್ಲ. ಮೂವತ್ತೆಂಟು ವರ್ಷ ಪುರಸಭೆಯಲ್ಲಿ ಜನನ ಮರಣಗಳ ದಾಖಲೆ ಬರೆದವನು. ಒಂದು ಅಕ್ಷರ ತಪ್ಪಿದರೂ ಹಾಳೆ ಹರಿದು ಮತ್ತೆ ಮೊದಲಿನಿಂದ ಬರೆಯುತ್ತಿದ್ದ. ನಿವೃತ್ತನಾದ ಮೇಲೆ ಆ ಕಟ್ಟುನಿಟ್ಟೆಲ್ಲ ಕಾರಿನ ಮೇಲೆ ತಿರುಗಿತು. ಕಡು ಹಸಿರಿನ ಆಲ್ಫಾ ರೋಮಿಯೋ ಜೂಲಿಯಾ, ಸಾವಿರದ ಒಂಬೈನೂರ ಎಪ್ಪತ್ತರದು. ಅದರ ಹೊಗೆಕೊಳವೆಯ ಒಳಗನ್ನು ಕೂಡ ಅವನು ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸುತ್ತಾನೆಂದು ಹೆಂಡತಿ ಲೊರೆತ್ತಾ ಕಂಡವರಿಗೆಲ್ಲ ಹೇಳಿ ನಗುತ್ತಿದ್ದಳು. ಅದು ಸುಳ್ಳಾಗಿರಲಿಲ್ಲ.

ಪ್ರತಿ ಜೂನ್ ತಿಂಗಳ ಎರಡನೆಯ ಭಾನುವಾರ ಊರ ಚೌಕದಲ್ಲಿ ಹಳೆಯ ಕಾರುಗಳ ಪ್ರದರ್ಶನ. ಆ ವರ್ಷವೂ ನಲವತ್ತರಷ್ಟು ಕಾರುಗಳು ಬಂದಿದ್ದವು. ಎರ್ಮೆಸ್‌ನ ಜೂಲಿಯಾ ಎಂದಿನಂತೆ ಕಮಾನುಗಳ ನೆರಳಿನ ಕಡೆ, ಅದರ ಪಕ್ಕದಲ್ಲಿ ಎಂದಿನಂತೆ ಇವಾನೊನ ಲಾನ್ಚಿಯಾ ಫುಲ್ವಿಯಾ. ಇವಾನೊ ಚೀಸ್ ಮಾಡುವವನು. ದೊಡ್ಡ ದನಿ, ದೊಡ್ಡ ಹೊಟ್ಟೆ. ಮಾತಾಡುವಾಗ ಎದುರಿನವರ ಭುಜ ಹಿಡಿದುಕೊಂಡೇ ಮಾತಾಡಬೇಕು. ಒಂದು ಕೋಳಿಗೂಡಿನೊಳಗೆ ಸಿಕ್ಕಿದ ಆ ಫುಲ್ವಿಯಾವನ್ನು ನಾಲ್ಕು ವರ್ಷ ಕೂತು ತಾನೇ ಸರಿಮಾಡಿದ್ದ. ಬಣ್ಣವನ್ನೂ ತಾನೇ ಹೊಡೆದಿದ್ದ. ಬೂದಿ ಬೆರೆತ ನೀಲಿ. ಮಳೆಗೆ ಮುಂಚಿನ ಪೋ ನದಿಯ ಬಣ್ಣ ಎನ್ನುತ್ತಿದ್ದ.

ಆ ವರ್ಷ ಹೊಸದೊಂದು ಸಂಗತಿ ಇತ್ತು, ಅದೂ ಇವಾನೊನದೇ ತಲೆಯಿಂದ ಹೊರಟದ್ದು. ಚಳಿಗಾಲದಲ್ಲಿ ಹತ್ತಿರದ ರೆಜ್ಜೊ ನಗರದ ಕಡೆಯ ಕಣ್ಣಿಲ್ಲದವರ ಒಂದು ಗುಂಪು ಅವನ ಚೀಸ್ ಗೋದಾಮು ನೋಡಲು ಬಂದಿತ್ತಂತೆ. ಪುಟ್ಟ ಸುತ್ತಿಗೆಯಿಂದ ಗಾಲಿಯಾಕಾರದ ದೊಡ್ಡ ಚೀಸ್ ಗಟ್ಟಿಗಳನ್ನು ಹದ ತಿಳಿಯಲು ತಟ್ಟಿ ತಟ್ಟಿ ಸದ್ದು ಕೇಳಿದರಂತೆ. ಹೊರಡುವಾಗ ಇವಾನೊ ಅವರನ್ನು ಕರೆದೇ ಬಿಟ್ಟ: ಜೂನ್‌ನಲ್ಲಿ ಬನ್ನಿ, ಕಾರು ಮುಟ್ಟಿಸ್ತೀನಿ. ಹಳೆಯ ಕಾರಿನವರ ಕ್ಲಬ್ಬಿನ ಸಭೆಯಲ್ಲಿ ಈ ವಿಷಯ ಬಂದಾಗ ಎಲ್ಲರೂ ಕೈಯೆತ್ತಿದರು. ಎರ್ಮೆಸ್ ಸಹ ಎತ್ತಿದ. ಎತ್ತದೆ ಕೂರುವ ಧೈರ್ಯ ಇರಲಿಲ್ಲ, ಅಷ್ಟೇ. ಅವನ ಕಾರನ್ನು ಲೊರೆತ್ತಾ ಕೂಡ ಕೈಗವಸಿಲ್ಲದೆ ಮುಟ್ಟುವಂತಿರಲಿಲ್ಲ.

ಹತ್ತೂವರೆಗೆ ಅವರು ಬಂದರು, ಏಳು ಜನ. ಇವಾನೊ ಒಂದು ಬೆತ್ತದ ಬುಟ್ಟಿ ಹಿಡಿದುಕೊಂಡು ನಿಂತಿದ್ದ. ಉಂಗುರ, ಗಡಿಯಾರ, ಬೆಲ್ಟು, ಎಲ್ಲವನ್ನೂ ಅದರೊಳಗೆ ಹಾಕಿಸಿಕೊಂಡ. ಊರುಗೋಲುಗಳನ್ನು ಗೋಡೆಗೆ ಒರಗಿಸಿದ. ಅವರಲ್ಲಿ ಒಬ್ಬಳು ಜೆಲಿಂದಾ. ಅರವತ್ತೈದು ದಾಟಿದ ಹೆಂಗಸು, ಹೆಣಿಗೆ ಕಾರ್ಖಾನೆಯಲ್ಲಿ ದುಡಿದವಳು, ನಲವತ್ತರ ಸುಮಾರಿಗೆ ಕಣ್ಣು ಕಳೆದುಕೊಂಡವಳು. ತಾನೇ ಹೆಣೆದ ಹಳದಿ ಉಣ್ಣೆಯ ಮೇಲಂಗಿ ತೊಟ್ಟಿದ್ದಳು.

"ಈ ಅಂಗಿಗೆ ಲೋಹದ ಗುಂಡಿ ಇದೆ. ತೆಗೀಬೇಕಾ?" ಎಂದಳು.

"ಬೇಡಮ್ಮ, ಗಾಳಿ ಬೀಸ್ತಾ ಇದೆ. ನೀವೇನು ಕಾರನ್ನ ತಬ್ಕೋತೀರಾ?" ಎಂದ ಇವಾನೊ.

"ಹೇಳಕ್ಕಾಗಲ್ಲಪ್ಪ. ಚೆನ್ನಾಗಿದ್ರೆ ತಬ್ಕೊಂಡ್ರೂ ತಬ್ಕೊಂಡೆ."

ಸುತ್ತ ನಿಂತವರು ನಕ್ಕರು. ಇವಾನೊ ಅವಳ ಕೈ ಹಿಡಿದು ಫುಲ್ವಿಯಾದ ಮೂತಿಯ ಮೇಲೆ ಇಟ್ಟ. ಅವಳು ನಿಧಾನವಾಗಿ ದೀಪದಿಂದ ದೀಪಕ್ಕೆ ಹೋದಳು. "ಇದೇನಿದು, ಈ ಕಡೆ ಎರಡು, ಆ ಕಡೆ ಎರಡು! ಕನ್ನಡಕ ಎಲ್ಲಿಟ್ಟೆ ಅಂತ ಮರೆತು ಅದರ ಮೇಲೆ ಇನ್ನೊಂದು ಹಾಕ್ಕೊಂಡ ಹಾಗಿದೆ." ಮತ್ತೆ ನಗು. ಜನ ಹೆಚ್ಚಾದರು. ಯಾರೋ ಫೋಟೋ ತೆಗೆದರು. ಇವಾನೊನ ಮುಖ ಹಬ್ಬದಂತೆ ಅರಳಿತ್ತು.

ಎರ್ಮೆಸ್ ಒಂಟಿಯಾಗಿ ತನ್ನ ಕಾರಿನ ಪಕ್ಕ ನಿಂತಿದ್ದ. ಬೆಳಗ್ಗೆಯಿಂದ ಜೂಲಿಯಾವನ್ನು ಹೊರಳಿ ನೋಡಿದವರು ನಾಲ್ಕೇ ಜನ. ಅದು ಅವನಿಗೆ ಚುಚ್ಚುತ್ತಿತ್ತು ಎಂಬುದನ್ನು ಆಮೇಲೆ ಅವನೇ ಒಪ್ಪಿಕೊಂಡ. ಬಿಸಿಲು ಏರಿತ್ತು. ಟೊಪ್ಪಿ ಕಾರಿನ ಬಲಗಡೆಯ ಸೀಟಿನ ಮೇಲಿತ್ತು. ಮುಂದಿನಿಂದ ಸುತ್ತಿ ಹೋದರೆ ಆ ಗುಂಪನ್ನು ಸೀಳಿಕೊಂಡು ಹೋಗಬೇಕು. ಹಾಗಾಗಿ ಹಿಂದಿನಿಂದ ಎರಡು ಕಾರುಗಳ ನಡುವಿನ ಇಕ್ಕಟ್ಟಿನಲ್ಲಿ ಅಡ್ಡಡ್ಡವಾಗಿ ನುಸುಳಿದ. ಸೊಂಟದಲ್ಲಿ ಬೀಗದಕೈಗಳ ಗೊಂಚಲು ನೇತಾಡುತ್ತಿತ್ತು. ತನ್ನ ಕಾರಿಗೆ ತಾಗಬಾರದೆಂದು ಅವನು ಅದನ್ನು ಆಚೆ ಪಕ್ಕಕ್ಕೆ ಸರಿಸಿಕೊಂಡಿದ್ದ.

ಕಿರ್ರ್ ಎಂಬ ಸದ್ದು ಅವನಿಗೆ ಮಾತ್ರ ಕೇಳಿಸಿತು.

ಬಗ್ಗಿ ನೋಡಿದ. ಫುಲ್ವಿಯಾದ ಹಿಂದಿನ ಚಕ್ರದ ಮೇಲೆ, ನೀಲಿಯ ನಡುವೆ, ಒಂದು ಗೇಣುದ್ದದ ಬಿಳಿ ಗೀರು. ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜಿದ. ಹೋಗಲಿಲ್ಲ. ತಲೆಯೆತ್ತಿ ನೋಡಿದರೆ ಎಲ್ಲರೂ ಕಾರಿನ ಮುಂದಿದ್ದರು, ಎಲ್ಲರ ಬೆನ್ನೂ ಅವನ ಕಡೆಗಿತ್ತು. ಬೀಗದಕೈ ಗೊಂಚಲನ್ನು ಕಳಚಿ ಪ್ಯಾಂಟಿನ ಜೇಬಿಗೆ ಇಳಿಸಿದ. ಟೊಪ್ಪಿ ತೆಗೆದುಕೊಂಡ. ಈಗ ಬೇಡ, ಅತಿಥಿಗಳ ಮುಂದೆ ಇವಾನೊನ ಖುಷಿ ಕೆಡಿಸುವುದು ಬೇಡ, ಅವರೆಲ್ಲ ಹೋದ ಮೇಲೆ ಒಬ್ಬನೇ ಇದ್ದಾಗ ಹೇಳಿದರಾಯಿತು ಎಂದುಕೊಂಡ. ಆ ಕ್ಷಣಕ್ಕೆ ಅದು ಒಳ್ಳೆಯತನದ ಹಾಗೆಯೇ ಕಂಡಿತು.

ಅಷ್ಟರಲ್ಲಿ ಆ ಏಳು ಜನ ಒಬ್ಬರ ಹಿಂದೊಬ್ಬರು ಕಾರನ್ನು ಸವರುತ್ತ, ಅದೇ ಪಕ್ಕದಿಂದ ಹಿಂದಕ್ಕೆ ಬಂದರು. ಬಾಗಿಲು, ಕಿಟಕಿ, ಚಕ್ರದ ಮೇಲಿನ ಉಬ್ಬು. ಜೆಲಿಂದಾ ಕೊನೆಯವಳು. ಅವಳು ನಿಜಕ್ಕೂ ಕಾರಿಗೆ ಕೆನ್ನೆಯಿಟ್ಟು, "ಬಿಸಿ ಬಿಸಿ ಇದೆ, ದನದ ಮೈ ಥರ" ಎಂದಳು.

ಅವರು ಸರಿದ ಮೇಲೆ ಇವಾನೊ ಕೈಗುರುತು ಒರೆಸಲು ಬಟ್ಟೆ ಹಿಡಿದು ಬಂದ. ಚಕ್ರದ ಹತ್ತಿರ ಅವನ ಕೈ ನಿಂತಿತು. ಇವಾನೊ ಸುಮ್ಮನಿರುವುದನ್ನು ಯಾರೂ ಕಂಡಿರಲಿಲ್ಲ.

"ಏನಾಯ್ತು?" ಎಂದು ಒಬ್ಬರು ಬಗ್ಗಿದರು. "ಅಯ್ಯಯ್ಯೋ!"

"ಏನಿಲ್ಲ ಬಿಡಿ, ಏನಿಲ್ಲ" ಎಂದ ಇವಾನೊ ಬಟ್ಟೆಯಿಂದ ಮುಚ್ಚಿಕೊಳ್ಳುತ್ತ.

ಆದರೆ ಆಚೆ ಕಡೆಯ ಬಿಳಿ ಸ್ಪೈಡರ್ ಕಾರಿನ ಒಡೆಯ ರಿಗೆತ್ತಿ ಸುಮ್ಮನಿರುವ ಜಾತಿಯವನಲ್ಲ. "ನಾನು ಆವತ್ತು ಸಭೆಯಲ್ಲೇ ಹೇಳಬೇಕು ಅಂದ್ಕೊಂಡಿದ್ದೆ. ಕಣ್ಣಿರೋರಿಗೇ ಮುಟ್ಟಬೇಡಿ ಅಂತ ಬೋರ್ಡ್ ಹಾಕ್ತೀವಿ. ಅಂಥದ್ರಲ್ಲಿ..."

"ಬಾಯ್ಮುಚ್ಚು ರಿಗೆತ್ತಿ" ಎಂದ ಇವಾನೊ.

ಜೆಲಿಂದಾಳ ಮುಖದಲ್ಲಿದ್ದ ನಗು ಹಾಗೇ ಉಳಿದಿತ್ತು, ತೆಗೆಯುವುದು ಮರೆತ ಹಾಗೆ. "ಗೀರು ಬಿತ್ತಾ? ಎಲ್ಲಿ?" ಎಂದಳು. ಅವಳು ಮೇಲಂಗಿಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿಕೊಂಡಳು. "ನನ್ನದೇ ಇರಬೇಕು. ಈ ಮೂರನೇ ಗುಂಡಿ ಸ್ವಲ್ಪ ಚೂಪಾಗಿದೆ. ನಾನು ಒರಗಿಕೊಂಡೆನಲ್ಲ, ಮುದಿ ಹೆಣ್ಣು, ಕುಣಿಯಕ್ಕೆ ಹೋದೆ. ಇವಾನೊ, ದಯವಿಟ್ಟು ಕ್ಷಮಿಸಪ್ಪ."

"ಅಮ್ಮ, ಬಿಡಿ. ಬಣ್ಣ ತಾನೆ. ನಾಳೆ ಹಚ್ಚಿದ್ರೆ ಹೋಯ್ತು" ಎಂದ ಇವಾನೊ. ಅದು ನಾಳೆ ಹಚ್ಚಿದರೆ ಹೋಗುವ ಗೀರಲ್ಲವೆಂದು ಅಲ್ಲಿದ್ದ ಪ್ರತಿಯೊಬ್ಬ ಕಾರಿನವನಿಗೂ ಗೊತ್ತಿತ್ತು.

ಎರ್ಮೆಸ್ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದ. ಹತ್ತು ನಿಮಿಷದ ಹಿಂದೆ ಹೇಳಿದ್ದರೆ ಅದೊಂದು ಗೀರಿನ ಮಾತಾಗುತ್ತಿತ್ತು. ಈಗ ಹೇಳಿದರೆ, ಒಬ್ಬ ಕುರುಡಿ ತಪ್ಪು ಹೊತ್ತುಕೊಳ್ಳುವುದನ್ನು ನಿಂತು ನೋಡಿದವನು ಎಂದಾಗುತ್ತದೆ. ಅದು ನಿಜವೇ ಆಗಿತ್ತು, ಅದಕ್ಕೇ ಹೇಳಲಾಗಲಿಲ್ಲ.

ರಿಗೆತ್ತಿ ತನ್ನ ಸ್ಪೈಡರ್ ಸುತ್ತ ಹಗ್ಗ ಕಟ್ಟಲು ಶುರುಮಾಡಿದ. ಅವನನ್ನು ನೋಡಿ ಇನ್ನಿಬ್ಬರು ಕಾರಿನ ಬಾಗಿಲು ಹಾಕಿದರು. ಆ ಏಳು ಜನ ಚೌಕದ ನಡುವೆ, ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳದೆ, ಕೈಗಳನ್ನು ಮೈಗೆ ಹತ್ತಿರ ಹಿಡಿದುಕೊಂಡು ನಿಂತರು.

ಆಗ ಎರ್ಮೆಸ್‌ನ ಬಾಯಿಂದ ಮಾತು ಬಂತು, ಆದರೆ ಬರಬೇಕಾಗಿದ್ದ ಮಾತಲ್ಲ. "ನನ್ನ ಕಾರು ಇಲ್ಲಿದೆ" ಎಂದ, ಅಗತ್ಯಕ್ಕಿಂತ ಜೋರಾಗಿ. "ಬನ್ನಿ. ಮುಟ್ಟಿ. ಒಳಗೆ ಕೂತ್ಕೊಳ್ಳಿ. ನಾಲ್ಕೂ ಬಾಗಿಲು ತೆಗೀತೀನಿ."

ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ. ಎರ್ಮೆಸ್ ತನ್ನ ಕಾರು ಮುಟ್ಟಿಸುವುದೆಂದರೇನೆಂದು ಊರಿಗೇ ಗೊತ್ತಿತ್ತಲ್ಲ! ಆರು ಜನ ಬಂದರು. ಎರಡು ಬೆರಳ ತುದಿಯಿಂದ, ಬಿಸಿ ಬಾಣಲೆ ಮುಟ್ಟುವವರ ಹಾಗೆ, ಮುಟ್ಟಿ ಮುಟ್ಟಿ ಹಿಂದೆ ಸರಿದರು. ಜೆಲಿಂದಾ ಬರಲಿಲ್ಲ. "ನನಗೆ ಸಾಕು, ಥ್ಯಾಂಕ್ಸ್" ಎಂದು ಕಮಾನಿನ ಕೆಳಗಿನ ಕುರ್ಚಿಯಲ್ಲಿ ಕೂತಳು. ಮೇಲಂಗಿ ಬಿಚ್ಚಿ ಮಡಚಿ, ಗುಂಡಿಗಳು ಒಳಗೆ ಹೋಗುವಂತೆ ತೊಡೆಯ ಮೇಲೆ ಇಟ್ಟುಕೊಂಡಳು.

ಮಧ್ಯಾಹ್ನ ಕಮಾನುಗಳ ಕೆಳಗೆ ಉದ್ದದ ಮೇಜು ಹಾಕಿ ಊಟ. ಸೊಪ್ಪು ತುಂಬಿದ ತೊರ್ತೆಲ್ಲಿ ಕಡುಬು, ಬೆಣ್ಣೆ ಮೇಲಿಂದ ಸುರಿದದ್ದು, ತಣ್ಣನೆಯ ಲಾಂಬ್ರುಸ್ಕೊ ವೈನ್. ಎರ್ಮೆಸ್‌ಗೆ ಎದುರುಸಾಲಿನಲ್ಲಿ ಜೆಲಿಂದಾ ಕಾಣುತ್ತಿದ್ದಳು. ಬೆಳಗ್ಗೆ ಅಷ್ಟು ಮಾತಾಡಿದವಳು ಈಗ ಪಕ್ಕದವಳಿಗೆ, "ನೀರು ಸ್ವಲ್ಪ ಹಾಕಿಕೊಡ್ತೀರಾ, ಲೋಟ ಬೀಳಿಸಿಬಿಡ್ತೀನೇನೋ" ಎಂದದ್ದು ಅವನಿಗೆ ಕೇಳಿಸಿತು.

ಕ್ಲಬ್ಬಿನ ಅಧ್ಯಕ್ಷ ಗಾಸ್ಪರೀನಿ ಮೈಕ್ ಹಿಡಿದು ಬಹುಮಾನ ಹಂಚತೊಡಗಿದ. ಅತಿ ದೂರದಿಂದ ಬಂದ ಕಾರು, ಅತಿ ಹಳೆಯ ಕಾರು. ಕೊನೆಗೆ ಗಂಟಲು ಸರಿಮಾಡಿಕೊಂಡ. "ಇನ್ನೊಂದು ಬಹುಮಾನ ಪಟ್ಟಿಯಲ್ಲಿರಲಿಲ್ಲ. ಈಗಷ್ಟೇ ನಾವು ನಾಲ್ಕು ಜನ ಮಾತಾಡ್ಕೊಂಡು ಮಾಡಿದ್ದು. ಇವತ್ತು ಬೆಳಗ್ಗೆ ಒಂದು ಕಹಿ ಘಟನೆ ಆಯ್ತು. ಯಾರ ತಪ್ಪೂ ಅಲ್ಲ. ಆದರೆ ಎಲ್ಲರೂ ಹಿಂದೆ ಸರಿದಾಗ ಒಬ್ಬ ಮಾತ್ರ ಮುಂದೆ ಬಂದ. ಎರ್ಮೆಸ್, ಬಾರಪ್ಪ!"

ಅವನು ಎದ್ದ. ಕಾಲು ತಾನಾಗಿ ನಡೆಯಿತು. ಕೈಗೆ ಒಂದು ಹಿತ್ತಾಳೆಯ ಫಲಕ, ಒಂದು ಮೊಳದುದ್ದದ ಸಲಾಮಿ ಎಂಬ ಒಣಮಾಂಸದ ದಿಂಡು ಬಂತು. ಮೈಕ್ ಬಾಯಿಗೆ ಬಂತು. ಎದುರಿಗೆ ನೂರಿಪ್ಪತ್ತು ಮುಖ; ಅವುಗಳ ನಡುವೆ ದನಿ ಬರುವ ಕಡೆಗೆ ಕಿವಿಗೊಟ್ಟ ಒಂದು ಮುಖ. ಈಗ, ಎಂದುಕೊಂಡ. ಈಗ ಹೇಳು.

"ಥ್ಯಾಂಕ್ಸ್" ಎಂದ. "ಎಲ್ಲರಿಗೂ ಥ್ಯಾಂಕ್ಸ್."

ಇಳಿದು ಬರುವಾಗ ಇವಾನೊ ಎದ್ದು ಬಂದು ಅವನನ್ನು ತಬ್ಬಿಕೊಂಡ. ಕಣ್ಣು ಒದ್ದೆಯಾಗಿತ್ತು. "ನಿನ್ನ ಜಿಪುಣ ಅಂತಿದ್ದೆ ಕಣೋ, ಕಾರಿನ ಜಿಪುಣ. ತಪ್ಪಾಯ್ತು." ಆ ದೊಡ್ಡ ಹೊಟ್ಟೆ ಅವನ ಜೇಬಿನ ಗೊಂಚಲನ್ನು ತೊಡೆಗೆ ಒತ್ತಿತು.

ಮೂರು ಗಂಟೆಗೆ ಅತಿಥಿಗಳ ಬಸ್ಸು ಹೊರಟಿತು. ಎರ್ಮೆಸ್ ಮನೆಗೆ ಬಂದು ಕಾರಿಗೆ ಹೊದಿಕೆ ಹೊದಿಸಿದ. ಲೊರೆತ್ತಾಗೆ ಆಗಲೇ ಸುದ್ದಿ ಬಂದಿತ್ತು. ಸೋಮವಾರ ಅವಳ ತಂಗಿ, ತಂಗಿಯ ಗಂಡ ಬಂದಾಗ ಸಲಾಮಿ ಕೊಯ್ದು ಬಡಿಸುತ್ತ, "ಇದು ನಮ್ಮ ಮನೆಯವರ ಕರುಣೆಯ ಸಲಾಮಿ, ಒಂದೊಂದೇ ತುಂಡು ತಗೊಳ್ಳಿ, ಮತ್ತೆ ಸಿಗಲ್ಲ" ಎಂದು ನಗಿಸಿದಳು. ಅವನು ಹೊಟ್ಟೆ ಸರಿಯಿಲ್ಲವೆಂದ. ಅದೂ ಸುಳ್ಳಾಗಿರಲಿಲ್ಲ.

ಮಂಗಳವಾರ ಬೆಳಗ್ಗೆ ಇವಾನೊನ ಗ್ಯಾರೇಜಿಗೆ ಹೋದ. ಇವಾನೊ ಫುಲ್ವಿಯಾದ ಪಕ್ಕ ಸ್ಟೂಲಿನ ಮೇಲೆ ಕೂತು ಮರಳುಕಾಗದ ಮಡಚುತ್ತಿದ್ದ. ಗೀರಿನ ಸುತ್ತ ಕಾಗದದ ಪಟ್ಟಿ ಅಂಟಿಸಿತ್ತು.

"ಇವಾನೊ, ಅದು ನಾನು."

"ಏನು ನೀನು?"

"ಗೀರು. ಟೊಪ್ಪಿ ತರಕ್ಕೆ ನಡುವೆ ನುಗ್ಗಿದೆ. ಬೀಗದಕೈ ತಾಗ್ತು. ಅವರು ಇನ್ನೂ ಮುಂದುಗಡೆ ಇದ್ರು."

ಇವಾನೊ ಮರಳುಕಾಗದವನ್ನು ಇನ್ನೊಂದು ಸಲ ಮಡಚಿದ. "ನಿನಗೆ ಆಗಲೇ ಗೊತ್ತಾಯ್ತಾ?"

"ಗೊತ್ತಾಯ್ತು."

"ಆಯಮ್ಮ ನನ್ನ ಕ್ಷಮೆ ಕೇಳ್ತಾ ಇದ್ದಾಗ?"

"ಗೊತ್ತಿತ್ತು."

"ಗೀರು ಹಾಳಾಗಿಹೋಗ್ಲಿ. ಗೀರು ನಾನೂ ಹಾಕ್ತೀನಿ, ನನ್ನ ನಾಯಿನೂ ಹಾಕುತ್ತೆ. ಆದರೆ ನಾನು ನಿನ್ನ ತಬ್ಕೊಂಡೆನಲ್ಲೋ ಎರ್ಮೆಸ್. ಎಲ್ಲರ ಮುಂದೆ. ನೀನು ತಬ್ಬಿಸ್ಕೊಂಡೆ." ಅವನು ಎದ್ದು ಬೆನ್ನು ತಿರುಗಿಸಿ ಡಬ್ಬಿಗಳನ್ನು ಜೋಡಿಸತೊಡಗಿದ. ತಿರುಗದೆಯೇ ಹೇಳಿದ. "ನಿನ್ನೆ ರೆಜ್ಜೊ ಗುಂಪಿನವರು ಫೋನ್ ಮಾಡಿದ್ರು. ಮುಂದಿನ ವಾರ ಮಡಕೆ ಮುಟ್ಟಿ ನೋಡಕ್ಕೆ ಕುಂಬಾರರ ಹತ್ರ ಹೋಗೋದಿತ್ತಂತೆ, ಜೆಲಿಂದಾ ಬರಲ್ಲ ಅಂದ್ಳಂತೆ. ವಿಳಾಸ ಬೇಕಾ?"

ಎರ್ಮೆಸ್ ಬರೆದುಕೊಂಡ. ಶನಿವಾರ ಹೋದ. ಜೂಲಿಯಾವನ್ನು ಹೊರಗೆ ತೆಗೆಯಲು ಮನಸ್ಸಾಗದೆ ರೈಲಿನಲ್ಲಿ ಹೋದ. ರೆಜ್ಜೊದಲ್ಲಿ ನಿಲ್ದಾಣದ ಹಿಂದಿನ ಒಂದು ಕಟ್ಟಡ, ಮೂರನೆಯ ಮಹಡಿ. ಜೆಲಿಂದಾಗೆ ಅವನ ಹೆಸರು ನೆನಪಿತ್ತು. "ಓ, ಕಾರಿನ ಬಾಗಿಲು ತೆಗೆದ ಸ್ವಾಮಿಗಳು! ಬನ್ನಿ, ಬನ್ನಿ" ಎಂದು ಒಳಗೆ ಕರೆದು ಕಾಫಿಗಿಟ್ಟಳು. ತನ್ನ ಅಡುಗೆಮನೆಯಲ್ಲಿ ಅವಳ ಕೈ ಎಲ್ಲೂ ತಡವರಿಸಲಿಲ್ಲ. ಅವಳು ಬಟ್ಟಲಿಡುವ ತನಕ ಕಾಯುವುದು ಅವನಿಂದಾಗಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದ. ಎಂಜಲು ಹಚ್ಚಿ ಉಜ್ಜಿದ್ದನ್ನೂ ಬಿಡಲಿಲ್ಲ.

ಕಾಫಿ ಉಕ್ಕಿ ಒಲೆಯ ಮೇಲೆ ಸುರಿಯಿತು. ಅವಳು ಒಲೆ ಆರಿಸಿದಳು, ಆದರೆ ಬಟ್ಟಲಿಗೆ ಬಗ್ಗಿಸಲಿಲ್ಲ.

"ಹಾಗಾದ್ರೆ ನನ್ನ ಗುಂಡಿ ಅಲ್ಲ."

"ಅಲ್ಲ."

"ಅದನ್ನೆಲ್ಲ ಕತ್ತರಿಸಿ ಬಿಸಾಕಿದೆ. ಐದೂ ಗುಂಡಿ. ನನ್ನ ಅಮ್ಮನವು." ಬಟ್ಟೆ ತೆಗೆದು ಒಲೆ ಒರೆಸುತ್ತ ಹೇಳಿದಳು. "ಬುಧವಾರ ಮಗಳ ಮನೆಗೆ ಹೋಗಿದ್ದೆ. ಹೊಸ ಸೋಫಾ ತಂದಿದ್ದಾಳೆ. ಅಮ್ಮ ಮುಟ್ಟಿ ನೋಡು ಅಂತಾಳೆ. ಬೇಡಮ್ಮ ಅಂದೆ. ಕೈ ಹಿಂದೆ ಕಟ್ಕೊಂಡು ನಿಂತೆ. ಕಣ್ಣು ಹೋಗಿ ಇಪ್ಪತ್ತೇಳು ವರ್ಷ ಆಯ್ತು ಸ್ವಾಮಿ. ಒಂದು ದಿನಾನೂ ನನಗೆ ಹಾಗೆ ಅನಿಸಿರಲಿಲ್ಲ."

"ನಾನು ಏನು ಮಾಡಬೇಕು ಹೇಳಿ, ಮಾಡ್ತೀನಿ."

"ಮೈಕಲ್ಲಿ ಹೊಗಳಿಸ್ಕೊಂಡ್ರಲ್ಲ, ಮೈಕಲ್ಲೇ ಹೇಳಿ."

"ಪ್ರದರ್ಶನ ಮುಗಿದುಹೋಯ್ತು. ಗುರುವಾರ ಕ್ಲಬ್ಬಿನ ಸಭೆ ಇದೆ. ಅಲ್ಲಿ ಮೈಕ್ ಇರಲ್ಲ."

"ಹಾಗಾದ್ರೆ ಗಟ್ಟಿಯಾಗಿ ಹೇಳಿ" ಎಂದಳು ಜೆಲಿಂದಾ. "ಹೇಳಿದ್ಮೇಲೆ ಫೋನ್ ಮಾಡಿ." ಬಾಗಿಲವರೆಗೂ ಬಂದಳು. ಅವನು ಕೈ ಚಾಚಿದ. ಅದು ಅವಳಿಗೆ ಕಾಣುವುದಿಲ್ಲವೆಂಬುದು ಹೊಳೆದು ಹಿಂದಕ್ಕೆಳೆದುಕೊಂಡ.

ಗುರುವಾರ ಸಂಜೆ ಆರಕ್ಕೆ ಕಾಫಿ ಅಂಗಡಿಯ ಮೇಲಿನ ಕೋಣೆಯಲ್ಲಿ ಇಪ್ಪತ್ತೆರಡು ಜನ ಸೇರಿದ್ದರು. ಎರ್ಮೆಸ್ ಎದ್ದು ನಿಂತು ಹಿತ್ತಾಳೆ ಫಲಕವನ್ನು ಮೇಜಿನ ಮೇಲಿಟ್ಟು, ಗಟ್ಟಿಯಾಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಜೆಲಿಂದಾಳ ಗುಂಡಿಯಲ್ಲ, ನನ್ನ ಬೀಗದಕೈ, ನೋಡಿಯೂ ಸುಮ್ಮನಿದ್ದೆ, ಬಹುಮಾನ ತಗೊಂಡೆ. ಮನೆಯಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿದ್ದ ಮಾತು. ಬೈಗುಳಕ್ಕೆ ಸಿದ್ಧನಾಗಿದ್ದ, ಹೊರಗೆ ಹಾಕಿದರೂ ಸರಿ ಎಂದು ಬಂದಿದ್ದ.

ಬೈಗುಳ ಬರಲಿಲ್ಲ. ಮೂಲೆಯಲ್ಲಿ ಒಬ್ಬ ಫಕ್ಕನೆ ನಕ್ಕ. "ಸಲಾಮಿ ತಂದಿಲ್ವಾ ವಾಪಸ್ಸು?" ಎಂದು ಇನ್ನೊಬ್ಬ ಕೇಳಿದ, ಮತ್ತಿಬ್ಬರು ನಕ್ಕರು. ಗಾಸ್ಪರೀನಿ ಮುಜುಗರದಿಂದ, "ಇರಲಿ ಎರ್ಮೆಸ್, ಯಾರಿಗಾಗಲ್ಲ ಹೇಳು. ದೊಡ್ಡ ಮನಸ್ಸು ಮಾಡಿ ಹೇಳಿದೆ" ಎಂದ. ರಿಗೆತ್ತಿ ಮಾತ್ರ ತಲೆ ಕೊಡವಿದ. "ಈ ಸಲ ಅವರಲ್ಲ ಅಂತಾಯ್ತು. ಮುಂದಿನ ಸಲ ಅವರೇ ಆದ್ರೆ? ನನ್ನ ಅಭಿಪ್ರಾಯ ಅದೇ."

"ದೊಡ್ಡ ಮನಸ್ಸಲ್ಲ" ಎಂದ ಎರ್ಮೆಸ್. ಆದರೆ ಆಗಲೇ ಗಾಸ್ಪರೀನಿ ಸೆಪ್ಟೆಂಬರ್‌ನಲ್ಲಿ ಮಾಂತೊವಾ ನಗರಕ್ಕೆ ಹೋಗುವ ಕಾರು ಸವಾರಿಯ ವಿಷಯ ಎತ್ತಿಕೊಂಡಿದ್ದ. ಫಲಕವನ್ನು ಏನು ಮಾಡಬೇಕೆಂದು ತಿಳಿಯದೆ ಯಾರೋ ಅದರ ಮೇಲೆ ಕಾಗದಪತ್ರ ಇಟ್ಟರು. ಹೊರಡುವಾಗ ಇವಾನೊ ಮೆಟ್ಟಿಲಲ್ಲಿ ಎರ್ಮೆಸ್‌ಗೆ ದಾರಿ ಬಿಟ್ಟು ನಿಂತ. ಭುಜ ಹಿಡಿಯಲಿಲ್ಲ.

ಮರುದಿನ ಬೆಳಗ್ಗೆ ಎರ್ಮೆಸ್ ಫೋನ್ ಮಾಡಿದ.

"ಹೇಳಿದೆ."

"ಎಷ್ಟು ಜನ ಇದ್ರು?"

"ಇಪ್ಪತ್ತೆರಡು."

"ಏನಂದ್ರು?"

ಅವನಿಗೆ ಸುಳ್ಳು ಹೇಳುವ ಆಸೆಯಾಯಿತು. ಎಲ್ಲರೂ ನಾಚಿಕೊಂಡರು, ನಿಮಗೆ ಕ್ಷಮೆ ಹೇಳಿ ಅಂದರು, ಎನ್ನಬಹುದಾಗಿತ್ತು. ಅವಳಿಗೆ ಹಿತವಾಗುತ್ತಿತ್ತು, ತನಗೂ. "ನಾಲ್ಕು ಜನ ನಕ್ಕರು" ಎಂದ. "ಅಧ್ಯಕ್ಷರು ನನ್ನನ್ನ ಹೊಗಳಿದ್ರು. ಮುಂದಿನ ವರ್ಷ ನಿಮ್ಮನ್ನೆಲ್ಲ ಕರೆಯೋದು ಬೇಡ ಅಂತ ಇನ್ನೂ ಒಬ್ಬರು ಅಂತಾನೇ ಇದ್ದಾರೆ."

ಆಚೆ ಕಡೆಯಿಂದ ರಸ್ತೆಯಲ್ಲಿ ಹೋಗುವ ಬಸ್ಸಿನ ಸದ್ದು ಕೇಳಿಸಿತು.

"ಹೊಗಳಿದ್ರಾ?" ಎಂದಳು ಜೆಲಿಂದಾ. "ಮತ್ತೊಂದ್ಸಲ?"

"ಮತ್ತೊಂದ್ಸಲ."

"ಒಳ್ಳೆ ಕಷ್ಟ ಬಂತಲ್ರೀ ನಿಮಗೆ." ಅದು ಕುಹಕವೋ ಕನಿಕರವೋ ಅವನಿಗೆ ತಿಳಿಯಲಿಲ್ಲ. "ಸರಿ. ಹೇಳಿದ್ರಲ್ಲ, ಅಷ್ಟು ಸಾಕು. ಫೋನ್ ಇಡ್ತೀನಿ, ಒಲೆ ಮೇಲೆ ಪಲ್ಯ ಇದೆ."

ಫೋನ್ ಇಟ್ಟ ಮೇಲೆ ಎರ್ಮೆಸ್ ಹಜಾರದಲ್ಲಿ ಹಾಗೇ ನಿಂತಿದ್ದ. ಲೊರೆತ್ತಾ ಒಳಗಿನಿಂದ ಯಾರ ಫೋನು ಎಂದು ಕೇಳಿದಳು. ಅವನು ಅಡುಗೆಮನೆಗೆ ಹೋಗಿ, ಕುರ್ಚಿ ಎಳೆದು ಕೂತು, "ಸ್ವಲ್ಪ ಕೂತ್ಕೋ, ನಿನಗೂ ಹೇಳಬೇಕು" ಎಂದ.